ಬಂಗಲೆಯ ಉಲ್ಟಾ ಟೈಲು

ಮೇಸ್ತ್ರಿಗೆ ಸಿಟ್ಟು ಬಂದದ್ದು ಟೈಲು ತಿರುಗಿ ಕೂತದ್ದಕ್ಕಲ್ಲ. ನಲವತ್ತು ವರ್ಷ ಮಂಡಿಯೂರಿ ಟೈಲು ಕೂರಿಸಿದ ಮನುಷ್ಯನ ಕೈಯಿಂದ ಒಂದು ದಿನ ಒಂದು ಟೈಲು ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಕಿತ್ತು ಇನ್ನೊಂದು ಕೂರಿಸಿದರೆ ಮುಗಿಯಿತು. ಸಿಟ್ಟು ಬಂದದ್ದು ಮಗ ಆಡಿದ ಮಾತಿಗೆ.

ಶುಕ್ರವಾರ ಮಧ್ಯಾಹ್ನ ಹೊಸ ಮನೆಯ ಮಾಲೀಕರು ಅಡುಗೆಮನೆಗೆ ಬಂದಿದ್ದರು. ಹಾಕಿ ಮುಗಿಸಿದ ನೆಲವನ್ನು ಒಂದು ಸುತ್ತು ನೋಡಿ, ಸಿಂಕಿನ ಮುಂದೆ ನಿಂತು, ಎಲ್ಲಾ ಟೈಲಿನ ಗೆರೆಯೂ ಉದ್ದಕ್ಕಿದ್ದರೆ ಇದೊಂದರ ಗೆರೆ ಮಾತ್ರ ಅಡ್ಡಕ್ಕಿದೆಯಲ್ಲ ಎಂದು ಕೇಳಿದರು. ಮೇಸ್ತ್ರಿ ಬಗ್ಗಿ ನೋಡಿದ. ಅಡ್ಡಕ್ಕೇ ಇತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕೋಣೆಯಿಂದ ಮಗ ಬಂದು, ಅದು ತಾನು ಹಾಕಿದ್ದು, ಗಮನಿಸಲಿಲ್ಲ, ಸೋಮವಾರ ಬೆಳಿಗ್ಗೆಯೊಳಗೆ ಬದಲಾಯಿಸಿಕೊಡುತ್ತೇನೆ ಅಂದುಬಿಟ್ಟ. ಮಾಲೀಕರು ಅವನ ಬೆನ್ನು ತಟ್ಟಿ, ಅಪ್ಪನ ಹತ್ತಿರ ಕಲಿಯೋದು ಇನ್ನೂ ಇದೆ ಕಣಪ್ಪ ಎಂದು ನಗುತ್ತಾ ಹೊರಟರು.

ಆ ಅಡುಗೆಮನೆಯ ನೆಲಕ್ಕೆ ಮಗ ಕೈಯೇ ಹಾಕಿರಲಿಲ್ಲ. ಇಡೀ ನೆಲ ಮೇಸ್ತ್ರಿಯದು. ಅಂದರೆ ಆ ಟೈಲೂ ಮೇಸ್ತ್ರಿಯದೇ. ಹೊರಗಿನವರ ಎದುರು ಹೆತ್ತ ಮಗ ತನ್ನ ತಪ್ಪನ್ನು ಹೊತ್ತುಕೊಂಡನಲ್ಲ, ಮುದುಕನ ಮೇಲೆ ಕನಿಕರ ತೋರಿಸಿದನಲ್ಲ ಎಂದು ಮೇಸ್ತ್ರಿ ಉರಿದುಬಿದ್ದ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಕನಿಕರಕ್ಕೆ ಏನು ಹೇಳುವುದು?

ಸಂಜೆ ಮನೆಯಲ್ಲಿ ಜಗಳವಾಯಿತು. ನನ್ನ ತಪ್ಪು ಹೊತ್ತುಕೊಳ್ಳೋಕೆ ನಿನಗೆ ಯಾರು ಹೇಳಿದ್ದು ಎಂದು ಮೇಸ್ತ್ರಿ ಕೂಗಾಡಿದ. ಮಗ ಮೊದಲು ಒಂದು ಟೈಲಿನ ಮಾತು ಬಿಡು ಎಂದು ತೇಲಿಸಲು ನೋಡಿದ. ಅಪ್ಪ ಬಿಡುವ ಹಾಗೆ ಕಾಣದಿದ್ದಾಗ, ಮೂರು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನೆಲ್ಲ ಹೊರಗೆ ಹಾಕಿದ. ದವಾಖಾನೆಯ ವರಾಂಡದಲ್ಲಿ ಅಳತೆ ತಪ್ಪಿದ್ದು, ಅಂಗಡಿಯ ನೆಲದಲ್ಲಿ ಸಂದುಗಳು ಡೊಂಕಾದದ್ದು, ಎರಡನ್ನೂ ತಾನು ಸದ್ದಿಲ್ಲದೆ ಸರಿ ಮಾಡಿದ್ದು.

"ಕಣ್ಣು ತೋರಿಸ್ಕೋ ಅಪ್ಪ. ಇಲ್ಲಾ, ಸೋಮವಾರದಿಂದ ಶಾಲೆ ಕೆಲಸ ಇದೆಯಲ್ಲ, ಹನ್ನೆರಡು ರೂಮು, ಅದ್ರಲ್ಲಿ ನೀನು ಸ್ಟೂಲ್ ಮೇಲೆ ಕೂತು ಹೇಳು. ನಾನು ಹಾಕ್ತೀನಿ."

ಸ್ಟೂಲು! ಸ್ಟೂಲಿನ ಮೇಲೆ ಕೂತು ಹೇಳುವವನನ್ನು ಮೇಸ್ತ್ರಿ ಅನ್ನುವುದಿಲ್ಲ, ಯಜಮಾನನ ನೆಂಟ ಅನ್ನುತ್ತಾರೆ. ನನ್ನ ಕಣ್ಣಿಗೇನೂ ಆಗಿಲ್ಲ ಎಂದು ಮೇಸ್ತ್ರಿ ಗೋಡೆ ಅದುರುವ ಹಾಗೆ ಹೇಳಿದ. ಸೋಮವಾರ ಆ ಶಾಲೆಯಲ್ಲಿ ಕರಣೆ ಹಿಡಿಯುವವನು ತಾನೇ, ನೋಡೋಣ ಯಾರು ತಡೆಯುತ್ತಾರೆ ಎಂದೂ ಸೇರಿಸಿದ.

ಇಷ್ಟು ಹೊತ್ತೂ ಬಟ್ಟೆ ಮಡಚುತ್ತಿದ್ದ ಹೆಂಡತಿ ಆಗ ಬಾಯಿ ಹಾಕಿದಳು. ಪಕ್ಕದ ಮನೆಯ ಟೀಚರು ರಜೆಯಲ್ಲಿ ಯಾವುದೋ ಹಳೇ ಊರಿಗೆ ಹೋಗಿಬಂದು ಒಂದು ಬಣ್ಣದ ಕಾಗದ ಕೊಟ್ಟಿದ್ದರು. ಬಿಳಿಯರು ಆಳುತ್ತಿದ್ದ ಕಾಲದ ಬಂದರು ಪಟ್ಟಣ, ಕೋಟೆ, ಬಂಗಲೆಗಳು, ಕಲ್ಲು ಹಾಸಿದ ಬೀದಿಗಳು. ಅದನ್ನು ಗಂಡನ ಮುಂದೆ ಹಿಡಿದು, ಮನೆಯಲ್ಲಿದ್ದರೆ ಇಬ್ಬರೂ ಎರಡು ದಿನ ಕಚ್ಚಾಡುತ್ತೀರಿ, ಶನಿವಾರ ಭಾನುವಾರ ಹೋಗಿಬನ್ನಿ ಅಂದಳು. ತಾನು ಮಾತ್ರ ಬರುವುದಿಲ್ಲವಂತೆ. ಮನೆಯ ನೆಲವನ್ನು ದಿನಕ್ಕೆ ಹತ್ತು ಸಲ ಬೆರಳಿನಿಂದ ಕುಟ್ಟಿ ಟೊಳ್ಳು ಹುಡುಕುವ ಗಂಡ ಎರಡು ದಿನ ಇಲ್ಲದಿದ್ದರೆ ಅದೇ ಅವಳಿಗೆ ಪ್ರವಾಸವಂತೆ.

"ಜೀವಮಾನದಲ್ಲಿ ಒಂದ್ಸಲ ಸೊಂಟಕ್ಕಿಂತ ಮೇಲಿರೋದನ್ನ ಏನಾದ್ರೂ ನೋಡ್ಕೊಂಡ್ ಬನ್ನಿ" ಅಂದಳು.

ತನ್ನನ್ನು ಸಾಗಹಾಕುತ್ತಿದ್ದಾರೆ ಎಂಬುದು ಮೇಸ್ತ್ರಿಗೆ ಗೊತ್ತಾಯಿತು. ಹಟಕ್ಕೆ ಬಿದ್ದು ಒಪ್ಪಿದ. ಮಗ ಒಳ್ಳೆಯ ಬಸ್ಸು, ಒಳ್ಳೆಯ ಹೋಟೆಲು ಎಂದು ದುಡ್ಡು ಕೊಡಲು ಬಂದ. ಮೇಸ್ತ್ರಿ ಆ ನೋಟುಗಳ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲಕ್ಕಿಂತ ಅಗ್ಗದ ಬಸ್ಸಿನಲ್ಲಿ ಹೋಗಿ, ಎಲ್ಲಕ್ಕಿಂತ ಅಗ್ಗದ ಹಾಸಿಗೆಯಲ್ಲಿ ಮಲಗಿ, ತನ್ನ ಸ್ವಂತ ಕಾಸಿನಲ್ಲಿ ಪ್ರವಾಸ ಮಾಡಿ ಬಂದು ಇವರ ಮುಖಕ್ಕೆ ಹೊಡೆದ ಹಾಗೆ ತೋರಿಸುತ್ತೇನೆ ಎಂದು ತೀರ್ಮಾನಿಸಿದ. ಇದರಿಂದ ಅವರ ಮುಖಕ್ಕೆ ಏನು ತಗಲುತ್ತದೆ ಎಂದು ಯೋಚಿಸುವಷ್ಟು ತಾಳ್ಮೆ ಆ ಹೊತ್ತಿನಲ್ಲಿ ಅವನಿಗೆ ಇರಲಿಲ್ಲ.

ಶನಿವಾರ ನಸುಕಿಗೇ ಹತ್ತಿದ ಅಗ್ಗದ ಬಸ್ಸು ಅಗ್ಗದ ಬಸ್ಸಿನ ಹಾಗೆಯೇ ಇತ್ತು. ಮೇಸ್ತ್ರಿಗೆ ಸಿಕ್ಕಿದ ಸೀಟು ಚಕ್ರದ ಮೇಲಿನದು. ಮಂಡಿ ಎದೆಗೆ ಬಂದು ಕೂತಿತು. ಆರು ಗಂಟೆಯ ದಾರಿಯಲ್ಲಿ ಪಕ್ಕದವನು ಐದು ಗಂಟೆ ಮೇಸ್ತ್ರಿಯ ಭುಜದ ಮೇಲೆ ನಿದ್ದೆ ಮಾಡಿದ. ಉಳಿದ ಒಂದು ಗಂಟೆ, ಈ ವಯಸ್ಸಿನಲ್ಲಿ ಒಬ್ಬರೇ ಯಾಕೆ ಹೊರಟಿರಿ, ಮನೆಯಲ್ಲಿ ಯಾರೂ ಇಲ್ಲವಾ ಎಂದು ವಿಚಾರಿಸಿಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಆಟೋದವನೂ ಒಬ್ಬರೇನಾ ಎಂದ. ಚಹಾದ ಅಂಗಡಿಯವಳೂ ಒಬ್ಬರೇನಾ ಎಂದಳು. ಲಾಡ್ಜಿನ ಮ್ಯಾನೇಜರ್ ಅಂತೂ ಪುಸ್ತಕದಲ್ಲಿ ಹೆಸರು ಬರೆಯುವ ಮೊದಲು ಮೇಸ್ತ್ರಿಯ ಹಿಂದೆ ಮುಂದೆ ಬಗ್ಗಿ ನೋಡಿ, ಇನ್ನೂ ಯಾರಾದರೂ ಅವಿತುಕೊಂಡಿದ್ದಾರೇನೋ ಎಂದು ಹುಡುಕಿದ.

ಆ ಲಾಡ್ಜಿನ ಒಂದು ಉದ್ದದ ಕೋಣೆಯಲ್ಲಿ ಎಂಟು ಮಂಚಗಳು. ಮೇಸ್ತ್ರಿಯದು ಕೊನೆಯದು, ಬಚ್ಚಲಮನೆಯ ಬಾಗಿಲಿಗೆ ತಾಗಿಕೊಂಡದ್ದು. ಚೀಲ ಇಟ್ಟು ಕೈಕಾಲು ತೊಳೆಯಲು ಒಳಗೆ ಹೋದವನು ಅಲ್ಲೇ ನಿಂತುಬಿಟ್ಟ. ನೀರು ಹೋಗುವ ತೂತು ಒಂದು ಮೂಲೆಯಲ್ಲಿ, ನೆಲದ ಇಳಿಜಾರು ಇನ್ನೊಂದು ಮೂಲೆಗೆ. ಸುರಿದ ನೀರೆಲ್ಲ ತೂತಿಗೆ ಬೆನ್ನು ತಿರುಗಿಸಿ ನೆಟ್ಟಗೆ ಬಾಗಿಲ ಕಡೆ ಹರಿದು, ಹೊಸ್ತಿಲು ದಾಟಿ, ಅವನ ಮಂಚದ ಕೆಳಗೆ ಇಟ್ಟಿದ್ದ ಚಪ್ಪಲಿಯನ್ನು ಒದ್ದೆ ಮಾಡಿತು. ಮೇಸ್ತ್ರಿ ಮೈ ಪರಚಿಕೊಳ್ಳುವುದೊಂದು ಬಾಕಿ. ಕೆಳಗೆ ಹೋಗಿ ಮ್ಯಾನೇಜರಿಗೆ, ಈ ನೆಲ ಹಾಕಿದವನು ಯಾರು, ಅವನ ವಿಳಾಸ ಕೊಡಿ ಎಂದು ಕೇಳಿದ. ಮ್ಯಾನೇಜರ್ ಪೇಪರಿನಿಂದ ತಲೆ ಎತ್ತದೆ, ನೀರು ತಾನೇ ಸಾರ್, ಒಣಗತ್ತೆ ಅಂದ.

ಮಧ್ಯಾಹ್ನ ಊರು ನೋಡಲು ಹೊರಟ. ಹೆಂಡತಿಯ ಮಾತು ನೆನಪಿಟ್ಟುಕೊಂಡು ಸೊಂಟಕ್ಕಿಂತ ಮೇಲೆ ನೋಡಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಹಳದಿ ಗೋಡೆಗಳು, ಹಸಿರು ಕಿಟಕಿಗಳು, ಎತ್ತರದ ಕಂಬಗಳು. ಆದರೆ ಅವನ್ನು ನೋಡಲು ಜನ ಬಿಟ್ಟರೆ ತಾನೇ. ಪ್ರತಿ ಕಂಬಕ್ಕೂ ಒಬ್ಬಳು ಒರಗಿಕೊಂಡಿದ್ದಳು, ಪ್ರತಿ ಒರಗಿದವಳ ಎದುರು ಒಬ್ಬ ಫೋಟೋ ತೆಗೆಯುತ್ತಿದ್ದ, ಸಾರ್ ಸ್ವಲ್ಪ ಈ ಕಡೆ ಬರ್ತೀರಾ ಎಂದು ಪ್ರತಿಯೊಬ್ಬನೂ ಮೇಸ್ತ್ರಿಯನ್ನು ಓಡಿಸಿದ. ಕೋಟೆಯ ಬಾಗಿಲಲ್ಲಿ ಓಡಿಸಿದರು, ಸುಂಕದ ಕಚೇರಿಯ ಮೆಟ್ಟಿಲ ಮೇಲೆ ಓಡಿಸಿದರು, ಸಮುದ್ರದ ಎದುರೂ ಓಡಿಸಿದರು. ಅಷ್ಟು ದೊಡ್ಡ ಸಮುದ್ರಕ್ಕೆ ತಾನೊಬ್ಬ ಹೇಗೆ ಅಡ್ಡ ಬರುತ್ತೇನೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಕೊನೆಗೆ ಗವರ್ನರ್ ಬಂಗಲೆಗೆ ಟಿಕೆಟ್ ತೆಗೆದುಕೊಂಡ. ಬಿಳಿ ಅಧಿಕಾರಿಗಳು ಇದ್ದ ಮನೆ, ಈಗ ಮ್ಯೂಸಿಯಂ. ಹದಿನೈದು ಜನರ ಗುಂಪಿಗೆ ಒಬ್ಬಳು ಗೈಡು. ಆಕೆ ಚಾವಣಿಯ ದೀಪ ತೋರಿಸಿದಾಗ ಹದಿನಾಲ್ಕು ತಲೆಗಳು ಮೇಲೆದ್ದವು. ಮೇಸ್ತ್ರಿಯ ತಲೆ ಮಾತ್ರ ಕೆಳಗೇ ಇತ್ತು, ಯಾಕೆಂದರೆ ಆ ಊಟದ ಕೋಣೆಯ ನೆಲದ ಮೇಲೆ ಕಾಲಿಟ್ಟ ಗಳಿಗೆಯಿಂದ ಅವನ ಸಿಟ್ಟೆಲ್ಲ ಎಲ್ಲೋ ಜಾರಿಹೋಗಿತ್ತು. ಗೈಡು ಹೇಳಿದ ಪ್ರಕಾರ ಅವು ಹಡಗಿನಲ್ಲಿ ಬಂದ ಟೈಲುಗಳಂತೆ, ಹಾಕಿದವರು ಮಾತ್ರ ಇಲ್ಲಿನ ಗಾರೆಯವರಂತೆ. ನಾಲ್ಕು ಟೈಲು ಸೇರಿದರೆ ಒಂದು ಹೂವು. ಒಂದೊಂದು ಟೈಲಿನಲ್ಲೂ ಕಾಲು ಹೂವು. ಕೋಣೆಯ ಈ ತುದಿಯಿಂದ ಆ ತುದಿಗೆ ದಾರ ಹಿಡಿದು ನೋಡಿದರೂ ಕೂದಲೆಳೆಯಷ್ಟು ಓರೆ ಇಲ್ಲ. ಮೇಸ್ತ್ರಿ ಒಂದೊಂದೇ ಹೂವು ನೋಡುತ್ತಾ ಕಿಟಕಿಯ ಮೂಲೆಗೆ ಬಂದ. ಅಲ್ಲಿ, ಗೋಡೆಯಿಂದ ಮೂರನೇ ಸಾಲಿನಲ್ಲಿ, ಒಂದು ಹೂವಿನ ಕಾಲುಭಾಗ ಹೊರಕ್ಕೆ ತಿರುಗಿಕೊಂಡಿತ್ತು.

ಅವನಿಗೆ ಕುಣಿಯುವ ಹಾಗಾಯಿತು. ನೂರೈವತ್ತು ವರ್ಷದಿಂದ ಲಕ್ಷ ಜನ ತುಳಿದ ನೆಲ. ಗವರ್ನರು, ಗವರ್ನರ ಹೆಂಡತಿ, ಊಟಕ್ಕೆ ಬಂದ ದೊಡ್ಡಮನುಷ್ಯರು, ಈ ಗೈಡು, ಯಾರಿಗೂ ಕಾಣದ್ದು ತನಗೆ ಕಂಡಿತು. ಕಣ್ಣು ತೋರಿಸ್ಕೋ ಅಂದನಲ್ಲ ಮಗರಾಯ! ಬಗ್ಗಿ ಬೆರಳಿನ ಗೆಣ್ಣಿನಿಂದ ಕುಟ್ಟಿದ. ಸುತ್ತಲಿನ ಟೈಲುಗಳು ಗಟ್ಟಿಯಾಗಿ ಸದ್ದು ಕೊಟ್ಟವು, ತಿರುಗಿದ್ದು ಟೊಳ್ಳು. ತಿರುಗಿಸಿ ಹಾಕಿದ್ದಲ್ಲದೆ ಕೆಳಗೆ ಗಾರೆಯನ್ನೂ ತುಂಬಿಲ್ಲ. ಎರಡೆರಡು ತಪ್ಪು. ಮೊಬೈಲು ತೆಗೆದು ಫೋಟೋ ಹೊಡೆದು, ಇದರಲ್ಲಿ ತಪ್ಪು ಎಲ್ಲಿದೆ ಹುಡುಕು ಎಂದು ಮಗನಿಗೆ ಕಳಿಸಿದ. ಹತ್ತು ನಿಮಿಷಕ್ಕೆ ಉತ್ತರ ಬಂತು: ಚೆನ್ನಾಗಿದೆ ಅಪ್ಪ, ಎಂಜಾಯ್ ಮಾಡು.

ಎಂಜಾಯ್ ಮಾಡುವುದಂತೆ. ಮೇಸ್ತ್ರಿ ಹಲ್ಲು ಕಡಿದುಕೊಂಡು ಗೈಡಿಗೆ ಟೈಲು ತೋರಿಸಿದ. ಆಕೆ ಒಂದು ಕ್ಷಣ ನೋಡಿ, ಹಳೇದಲ್ವಾ ಸಾರ್, ಇರ್ಲಿ ಬಿಡಿ ಎಂದು ಗುಂಪನ್ನು ಮುಂದಿನ ಕೋಣೆಗೆ ಹೊಡೆದುಕೊಂಡು ಹೋದಳು. ಬಾಗಿಲಲ್ಲಿದ್ದ ಕಾವಲಿನವನಿಗೆ ಹೇಳಿದ. ಅವನು ನೆಲ ಕುಟ್ಟಬಾರದು ಎಂದು ಗದರಿ, ಹೇಳುವುದೇನಾದರೂ ಇದ್ದರೆ ಅಭಿಪ್ರಾಯದ ಪುಸ್ತಕದಲ್ಲಿ ಬರೆಯಿರಿ ಅಂದ. ಮೇಸ್ತ್ರಿ ಬರೆದ. ಊಟದ ಕೋಣೆ, ಕಿಟಕಿ ಮೂಲೆ, ಮೂರನೇ ಸಾಲು, ಏಳನೇ ಟೈಲು, ತಿರುಗಿದೆ, ಟೊಳ್ಳು, ಯಾರಾದರೂ ಕಾಲಿಟ್ಟರೆ ಒಡೆಯುತ್ತದೆ, ಒಂದು ಗಂಟೆಯ ಕೆಲಸ, ಕೂಲಿ ಬೇಡ. ಅವನ ಮೇಲಿನ ಸಾಲಿನಲ್ಲಿ ಯಾರೋ ಸೂಪರ್ ಎಂದು ಬರೆದು ಹೃದಯದ ಚಿತ್ರ ಬಿಡಿಸಿದ್ದರು.

ಭಾನುವಾರ ಬೆಳಿಗ್ಗೆ ಒದ್ದೆ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಅದೇ ಬಂಗಲೆಗೆ ಹೋದ. ಇನ್ನೊಂದು ಟಿಕೆಟ್ ತೆಗೆದುಕೊಳ್ಳುವಾಗ ಕಾಸನ್ನು ಎರಡೆರಡು ಸಲ ಎಣಿಸಿದ, ಆದರೂ ತೆಗೆದುಕೊಂಡ. ಯಾರಾದರೂ ಒಬ್ಬರು, ಈ ಊರಿನಲ್ಲಿ ಒಬ್ಬರೇ ಒಬ್ಬರು, ಹೌದು ನಿಮ್ಮ ಕಣ್ಣು ಸರಿಯಾಗಿದೆ ಎಂದು ಹೇಳುವವರೆಗೆ ಅವನಿಗೆ ವಾಪಸ್ಸು ಹೋಗಲು ಮನಸ್ಸಿರಲಿಲ್ಲ. ಕೋಣೆ ಖಾಲಿ ಇತ್ತು. ಕಾವಲಿನವನು ಹೊರಗೆ ಚಹಾ ಕುಡಿಯುತ್ತಿದ್ದ. ಮೇಸ್ತ್ರಿ ಆ ಟೈಲಿನ ಎದುರು ಮಂಡಿಯೂರಿದ. ಸಂದಿನಲ್ಲಿ ಉಗುರು ಆಡಿಸಿದರೆ ಗಾರೆಯ ಬದಲು ಸಣ್ಣ ಮರಳು ಬಂತು. ಥೂ, ಮರಳಿನ ಮೇಲೆ ಕೂರಿಸಿದ್ದಾನೆ ಕಳ್ಳ ಎಂದು ಬೈದುಕೊಂಡು ಏಳಲು ಹೋದರೆ ಮಂಡಿ ಹಿಡಿದುಕೊಂಡಿತು. ಎಷ್ಟು ತಿಣುಕಿದರೂ ಏಳಲಾಗಲಿಲ್ಲ.

ಅಷ್ಟರಲ್ಲಿ ಬಕೆಟ್ಟು, ಒರೆಸುವ ಕೋಲು ಹಿಡಿದು ನೆಲ ಒರೆಸುವಾಕೆ ಬಂದಳು. ಐವತ್ತೈದರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖದಲ್ಲಿ ಬೆಳಗ್ಗಿನಿಂದಲೇ ಬೇಸರ. ಕಾಲು ಎತ್ತಿ ಯಜಮಾನ್ರೇ ಅಂದಳು. ಎತ್ತಲು ಆಗುತ್ತಿಲ್ಲ ಎಂದು ಮೇಸ್ತ್ರಿ ಒಪ್ಪಿಕೊಳ್ಳಬೇಕಾಯಿತು. ಆಕೆ ಕೋಲನ್ನು ಗೋಡೆಗೆ ಒರಗಿಸಿ, ಅವನ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿ, ನಿನ್ನೆ ಪುಸ್ತಕದಲ್ಲಿ ಬರೆದವರು ನೀವೇನಾ ಎಂದು ಕೇಳಿದಳು. ಕಾವಲಿನವನು ಅದನ್ನು ಎಲ್ಲರಿಗೂ ಓದಿ ಹೇಳಿ ನಕ್ಕಿದ್ದನಂತೆ.

ಮೇಸ್ತ್ರಿ ಹೌದೆಂದ. ತಾನು ನಲವತ್ತು ವರ್ಷ ಇದೇ ಕೆಲಸ ಮಾಡಿದವನು, ಆ ಟೈಲು ತಿರುಗಿದೆಯೋ ಇಲ್ಲವೋ ನೀವಾದರೂ ನೋಡಿ ಹೇಳಿ ಎಂದು ಹೆಚ್ಚೂಕಡಿಮೆ ಬೇಡಿಕೊಂಡ.

"ನೋಡೋದೇನು ಬಂತು, ಇಪ್ಪತ್ತೆರಡು ವರ್ಷದಿಂದ ದಿನಾ ಒರೆಸ್ತೀನಿ. ತಿರುಗೇ ಇದೆ" ಅಂದಳು ಆಕೆ.

ಎರಡು ದಿನದಿಂದ ಕಾದ ಮಾತು. ಮೇಸ್ತ್ರಿಗೆ ಆಕೆಯ ಕಾಲಿಗೆ ಬೀಳೋಣ ಅನ್ನಿಸಿತು. ಅಂತೂ ನನ್ನ ಕಣ್ಣು ಸರಿಯಿದೆ, ಹಾಕಿದವನದು ಸರಿಯಿರಲಿಲ್ಲ ಅಂದ.

"ಹಾಕಿದೋರ ಕಣ್ಣಿಗೇನಾಗಿತ್ತು? ಅದು ತಪ್ಪಲ್ಲ, ಗುರುತು" ಅಂದಳು ಆಕೆ. "ತಾರಸಿ ನೀರು ಗೋಡೆ ಒಳಗಿಂದ ಇಳಿದು ಇದರ ಕೆಳಗೆ ಹೋಗತ್ತೆ. ಎರಡು ಪೈಪು ಸೇರೋ ಜಾಗ ಇದು. ಕಟ್ಕೊಂಡಾಗ ಇದೊಂದನ್ನೇ ಎತ್ತಿ, ಕೈ ಹಾಕಿ ಕಸ ತೆಗೆದು, ಮತ್ತೆ ಮರಳು ತುಂಬಿ ಮುಚ್ತಾರೆ. ಬೇರೆ ಒಂದೂ ಒಡೆಯಲ್ಲ. ತಿರುಗಿಸದೇ ಹೋಗಿದ್ರೆ ಇಷ್ಟು ಟೈಲಲ್ಲಿ ಯಾವುದನ್ನ ಅಂತ ಎತ್ತೋದು?"

ಇಂಥವು ಇನ್ನೂ ಎರಡಿವೆಯಂತೆ, ಬಚ್ಚಲಮನೆಯಲ್ಲೊಂದು, ಹಿಂದಿನ ಪಡಸಾಲೆಯಲ್ಲೊಂದು. ಆಕೆ ಕೋಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತಾ, ನಿಮ್ಮ ಕಡೆಯ ಗಾರೆಯವರು ಹೀಗೆ ಮಾಡಲ್ವಾ ಎಂದು ಕೇಳಿದಳು.

"ಮಾಡ್ತಿದ್ರು" ಅಂದ ಮೇಸ್ತ್ರಿ. "ಒಬ್ಬರು ಮಾಡ್ತಿದ್ರು."

ಆ ಒಬ್ಬರನ್ನು ಎಲ್ಲರೂ ಗಾರೆತಾತ ಎಂದು ಕರೆಯುತ್ತಿದ್ದರು. ಇಪ್ಪತ್ತನೇ ವಯಸ್ಸಿನಲ್ಲಿ ಮೇಸ್ತ್ರಿ ಸೇರಿಕೊಂಡದ್ದು ಆ ಮುದುಕನ ಹತ್ತಿರ. ದಾರ ಕಟ್ಟುವುದು, ಮಟ್ಟ ನೋಡುವುದು, ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುವುದು, ಎಲ್ಲಾ ಅವರಿಂದಲೇ ಬಂದದ್ದು. ಮಾತು ಕಮ್ಮಿ. ಕೇಳಿದರೆ ಹೇಳುತ್ತಿದ್ದರು, ಕೇಳದಿದ್ದರೆ ಇಲ್ಲ. ಆರು ವರ್ಷ ಕಳೆಯುವಷ್ಟರಲ್ಲಿ ಮೇಸ್ತ್ರಿಗೆ ತನ್ನ ಕೈ ಗುರುವಿನ ಕೈಗಿಂತ ಚುರುಕಾಗಿದೆ ಅನ್ನಿಸತೊಡಗಿತ್ತು, ಕೇಳುವುದನ್ನೂ ಬಿಟ್ಟಿದ್ದ. ಆಗ ಒಬ್ಬ ಡಾಕ್ಟರ ಮನೆಯ ಕೆಲಸ ಬಂತು. ಬಚ್ಚಲಮನೆಗೆ ಹೋಗುವ ಓಣಿಯಲ್ಲಿ ಹೂವಿನ ಟೈಲು. ಮುಗಿದ ದಿನ ಡಾಕ್ಟರು ನೋಡಲು ಬಂದರು. ಮೇಸ್ತ್ರಿ ಅವರ ಎದುರು, ಗಾರೆತಾತನ ಎದುರೇ, ಒಂದು ಟೈಲಿನತ್ತ ಬೆರಳು ತೋರಿಸಿ ಇದು ತಿರುಗಿದೆ ಅಂದ. ಬಗ್ಗಿ ಕುಟ್ಟಿ, ಟೊಳ್ಳೂ ಇದೆ ಅಂದ. ತಾತನಿಗೆ ಈಗೀಗ ಕಣ್ಣು ಕಾಣಿಸಲ್ಲ ಸಾರ್ ಎಂದೂ ಹೇಳಿದ.

ಮುದುಕ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕರಣೆ ತೊಳೆದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಡಾಕ್ಟರು ಉಳಿದ ಕೆಲಸವನ್ನು ಮೇಸ್ತ್ರಿಗೇ ಒಪ್ಪಿಸಿದರು. ಅವನು ಸ್ವತಂತ್ರನಾದದ್ದು ಅವತ್ತು. ಮೊದಲು ಮಾಡಿದ ಕೆಲಸ ಆ ಟೈಲನ್ನು ಕಿತ್ತು, ಕೆಳಗೆ ಸಿಮೆಂಟು ಗಟ್ಟಿಸಿ, ನೇರವಾಗಿ ಕೂರಿಸಿದ್ದು. ಎರಡು ವರ್ಷಕ್ಕೆ ಆ ಓಣಿಯ ಕೆಳಗೆ ಪೈಪು ಸೋರಿತು. ಎಲ್ಲಿ ಎಂದು ಯಾರಿಗೂ ಗೊತ್ತಾಗದೆ ಗೋಡೆಯಿಂದ ಗೋಡೆಗೆ ನೆಲವನ್ನೆಲ್ಲ ಒಡೆಯಬೇಕಾಯಿತು. ಒಡೆದವನು ಮೇಸ್ತ್ರಿಯೇ. ಒಡೆಯುವಾಗಲೂ, ಮುದುಕ ಪೈಪಿನ ಕೆಲಸವನ್ನೂ ಸರಿಯಾಗಿ ಮಾಡಿಲ್ಲ ನೋಡಿ ಎಂದು ಡಾಕ್ಟರ ಹತ್ತಿರ ಹಂಗಿಸಿದ್ದ. ಸುದ್ದಿ ಊರೆಲ್ಲ ಹಬ್ಬಿ ಗಾರೆತಾತನನ್ನು ಕೆಲಸಕ್ಕೆ ಕರೆಯುವವರು ಇಲ್ಲವಾದರು. ಅವರು ಸತ್ತಾಗ ಮೇಸ್ತ್ರಿ ಹೋಗಿದ್ದ. ಅಂಗಳದಲ್ಲಿ ನಾಲ್ಕು ಜನರ ನಡುವೆ ನಿಂತು, ತಾತನ ಕೈ ಚಿನ್ನದಂಥದ್ದು, ಕಣ್ಣೊಂದು ಕೈಕೊಟ್ಟಿತು ಎಂದು ದೊಡ್ಡಮನಸ್ಸಿನಿಂದ ಹೇಳಿ ಬಂದಿದ್ದ. ಮಗನ ಮುಂದೆ ಮಾತ್ರ ಆ ಹೆಸರನ್ನೇ ಎತ್ತಿರಲಿಲ್ಲ. ನಾನು ಯಾರ ಹತ್ತಿರಾನೂ ಕಲಿತೋನಲ್ಲ, ನೋಡಿ ಕಲಿತೋನು ಎಂದೇ ಅವನಿಗೆ ಹೇಳಿಕೊಂಡು ಬಂದಿದ್ದ.

ಗವರ್ನರ್ ಬಂಗಲೆಯ ಕಿಟಕಿಯ ಕಟ್ಟೆಯ ಮೇಲೆ ಮೇಸ್ತ್ರಿ ಕೂತುಬಿಟ್ಟ. ನಾಚಿಕೆಯಾಯಿತು. ಗಾರೆತಾತನ ಮೇಲೂ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಮುದುಕನಿಗೆ? ಕೆಳಗೆ ಪೈಪಿದೆ ಕಣೋ ಮುಟ್ಠಾಳ ಎಂದು ಡಾಕ್ಟರ ಎದುರೇ ಅವನ ಕಪಾಳಕ್ಕೆ ಬಿಟ್ಟಿದ್ದರೆ ಎಲ್ಲಾ ಮುಗಿಯುತ್ತಿತ್ತು. ಹೀಗೆ ಸ್ವಲ್ಪ ಹೊತ್ತು ಗೊಣಗಿದ ಮೇಲೆ ಸಿಟ್ಟು ನಿಲ್ಲಲಿಲ್ಲ. ಆರು ವರ್ಷ ಅನ್ನ ಹಾಕಿದವರನ್ನು ಇದು ಯಾಕೆ ಹೀಗಿದೆ ತಾತ ಎಂದು ಕೇಳುವ ಬದಲು ಕುರುಡ ಎಂದವನಿಗೆ ಯಾರು ತಾನೇ ಉತ್ತರ ಕೊಡುತ್ತಾರೆ? ಮೊನ್ನೆ ಮಗ ಹೊರಗಿನವರ ಎದುರು ಅಪ್ಪನ ತಪ್ಪನ್ನು ಮೈಮೇಲೆ ಎಳೆದುಕೊಂಡ. ಅದನ್ನು ಅವಮಾನ ಅಂದುಕೊಂಡು ಮೇಸ್ತ್ರಿ ಎರಡು ದಿನ ಊರೂರು ಸುತ್ತಿದ. ಅವಮಾನ ಮಾಡುವುದು ಅಂದರೆ ಏನೆಂದು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ನೆಲ ಒರೆಸುವಾಕೆ ಅವನ ಕಾಲಿನ ಸುತ್ತ ಒರೆಸಿಕೊಂಡು ಹೋದಳು. ಮೈ ಸರಿಯಿಲ್ಲವಾ, ನೀರು ಬೇಕಾ ಎಂದು ಕೇಳಿದಳು. ಬೇಡ, ನೆಲ ಒಣಗಲಿ, ಆಮೇಲೆ ಹೋಗ್ತೀನಿ ಅಂದ ಮೇಸ್ತ್ರಿ. ಒದ್ದೆ ನೆಲ ತುಳಿಯದ ಮನುಷ್ಯನನ್ನು ಇಪ್ಪತ್ತೆರಡು ವರ್ಷದಲ್ಲಿ ಇವತ್ತೇ ಕಂಡದ್ದು ಎಂದು ಆಕೆ ಬಕೆಟ್ಟು ಎತ್ತಿಕೊಂಡು ನಡೆದಳು.

ಸಂಜೆ ನಾಲ್ಕಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಮಗನ ಫೋನು ಬಂತು. ಬಸ್ಸು ಸಿಕ್ಕಿತಾ ಎಂದು ಮೊದಲು ಕೇಳಿದ. ಸಿಕ್ಕಿಲ್ಲ, ಅರ್ಧ ಗಂಟೆ ತಡವಂತೆ ಅಂದ ಮೇಸ್ತ್ರಿ. ಮಗ ಹೊಸ ಮನೆಯ ಅಡುಗೆಮನೆಯಲ್ಲೇ ಇದ್ದ. ಉಳಿದ ಕೋಣೆಗಳೆಲ್ಲ ಮುಗಿದಿವೆ, ಈಗ ಆ ಟೈಲು ಕೀಳಬೇಕೆಂದು ಉಳಿ ಕೈಗೆ ತೆಗೆದುಕೊಂಡಿದ್ದನಂತೆ.

"ಆಮೇಲೆ ನೀನು ಕಳಿಸಿದ ಫೋಟೋ ನೆನಪಾಯ್ತು ಅಪ್ಪ. ನಿನ್ನೆ ಸರಿಯಾಗಿ ನೋಡಿರ್ಲಿಲ್ಲ. ಈಗ ದೊಡ್ಡದು ಮಾಡಿ ನೋಡಿದ್ರೆ ಅದ್ರಲ್ಲೂ ಒಂದು ತಿರುಗಿದೆ. ಅದಕ್ಕೆ ಕೇಳೋಣ ಅಂತ. ಇಲ್ಲಿ ನೀನು ಬೇಕೂಂತಲೇ ಹಾಗೆ ಹಾಕಿದ್ದಾ? ಸಿಂಕಿನ ಪೈಪು ಇದರ ಕೆಳಗೇ ಹೋಗತ್ತಲ್ಲ. ಏನಾದ್ರೂ ಕಾರಣ ಇದ್ರೆ ಹೇಳು, ಕೀಳಲ್ಲ. ಮಾಲೀಕರಿಗೆ ನಾನು ಹೇಳ್ಕೋತೀನಿ."

ಇದಕ್ಕಿಂತ ಚೆನ್ನಾದ ಉತ್ತರವನ್ನು ಯಾರೂ ಅವನ ಕೈಗೆ ತಂದು ಇಡುತ್ತಿರಲಿಲ್ಲ. ಹೌದು ಕಣೋ, ಅದು ಗುರುತು, ಹಳೇ ಕಾಲದ ಗಾರೆಯವರ ಪದ್ಧತಿ, ನಿನಗೇನು ಗೊತ್ತು ಎಂದರೆ ಸಾಕು. ಮಗ ನಂಬುತ್ತಾನೆ. ಮಾಲೀಕರು ತಲೆದೂಗುತ್ತಾರೆ. ನಾಳೆ ಬೆಳಿಗ್ಗೆ ಶಾಲೆಯ ಕೆಲಸದಲ್ಲಿ ಕರಣೆ ಅವನ ಕೈಯಲ್ಲೇ ಇರುತ್ತದೆ, ಸ್ಟೂಲಿನ ಮಾತು ಇನ್ನು ಯಾರ ಬಾಯಲ್ಲೂ ಬರುವುದಿಲ್ಲ. ಒಂದೇ ಒಂದು ಹೂಂ ಅಂದರೆ ಆಯಿತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅಪ್ಪಾ, ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ" ಅಂದ ಮೇಸ್ತ್ರಿ. "ಕಾರಣ ಏನೂ ಇಲ್ಲ ಕಣೋ. ಕಣ್ಣು ತಪ್ತು, ಅಷ್ಟೇ. ಕೀಳು. ಪಕ್ಕದ್ದು ಒಡೀದ ಹಾಗೆ ನೋಡ್ಕೋ."

ಮೇಸ್ತ್ರಿಯೇ ಮುಂದುವರಿಸಿದ. ನಾಳೆ ಮಾಲೀಕರು ಬಂದಾಗ, ಅದು ನನ್ನ ಕೈಯಿಂದ ಆದದ್ದು ಎಂದು ನಾನೇ ಅವರಿಗೆ ಹೇಳುತ್ತೇನೆ ಅಂದ. ಶಾಲೆಯ ಕೋಣೆಗಳಿಗೆ ನೀನೇ ಕೈ ಹಾಕು, ನಾನು ಕೂತು ನೋಡುತ್ತೇನೆ ಅಂದ. ಬೇಡ ಅಪ್ಪ, ಮೊನ್ನೆ ಏನೋ ಸಿಟ್ಟಿನಲ್ಲಿ ಅಂದೆ ಎಂದು ಮಗ ತಡವರಿಸಿದ. ಧ್ವನಿ ಯಾಕೆ ಹೀಗಿದೆ, ಅಲ್ಲಿ ಏನಾದರೂ ಆಯಿತಾ ಎಂದೂ ಕೇಳಿದ.

"ಏನಿಲ್ಲ. ನೀನು ಕೀಳೋ ಮೊದಲು ಕೇಳಿದೆಯಲ್ಲ" ಅಂದ ಮೇಸ್ತ್ರಿ. "ನಾನು ಕೇಳಿರ್ಲಿಲ್ಲ."

"ಯಾರನ್ನ ಅಪ್ಪ?"

"ನಂಗೆ ಕೆಲಸ ಕಲಿಸಿದೋರನ್ನ" ಅಂದ ಮೇಸ್ತ್ರಿ.